ಅತ್ತೆಯ ಬೆಳಗು

ನಮ್ಮೂರಿಗೆ ಹೊಸದಾಗಿ ಬಂದವರು ಮೊದಲು ಕಕ್ಕಾಬಿಕ್ಕಿಯಾಗುವುದು ಹೋಟೆಲಿನಲ್ಲಿ. ಒಂದೇ ಮೇಜಿನಲ್ಲಿ ಒಬ್ಬರು ಆಗಷ್ಟೇ ಹಲ್ಲುಜ್ಜಿಕೊಂಡು ಬಂದು ಇಡ್ಲಿಗೆ ಕಾಯುತ್ತಿರುತ್ತಾರೆ, ಎದುರಿಗೆ ಕೂತವರು ಮಜ್ಜಿಗೆ ಅನ್ನ ಮುಗಿಸಿ ಆಕಳಿಸುತ್ತಿರುತ್ತಾರೆ, ಪಕ್ಕದವರು ಸಂಜೆಯ ಬಜ್ಜಿ ಇನ್ನೂ ಬರಲಿಲ್ಲವೆಂದು ರೇಗುತ್ತಿರುತ್ತಾರೆ. ಮಾಣಿ ಬಂದು ಏನು ಬೇಕೆಂದು ಕೇಳುವುದಿಲ್ಲ. "ನಿಮಗೀಗ ಯಾವ ಹೊತ್ತು?" ಎಂದು ಕೇಳುತ್ತಾನೆ. ಹೊಸಬರು ಗೋಡೆಯ ಗಡಿಯಾರ ನೋಡಿ ಹೇಳಹೊರಟರೆ ಇಡೀ ಹೋಟೆಲು ಗೊಳ್ಳೆಂದು ನಗುತ್ತದೆ. ನಮ್ಮಲ್ಲಿ ಹುಟ್ಟಿದ ಹೊತ್ತೇ ಬೆಳಗು. ಮಧ್ಯಾಹ್ನ ಹುಟ್ಟಿದವರಿಗೆ ಬದುಕಿರುವಷ್ಟು ದಿನವೂ ಮಧ್ಯಾಹ್ನವೇ ಬೆಳಗಾಗುತ್ತದೆ; ಆಗಲೇ ಕಣ್ಣು ಬಿಡುವುದು, ಆಗಲೇ ಕಾಫಿ. ಸೂರ್ಯ ಪಾಪ ತನ್ನ ಪಾಡಿಗೆ ತಾನು ಹುಟ್ಟಿ ಮುಳುಗುತ್ತಾನೆ. ಬಟ್ಟೆಗೆ, ಹಪ್ಪಳಕ್ಕೆ ಅವನು ಬೇಕು, ಅಷ್ಟೇ.

ನನ್ನ ಬೆಳಗು ಹತ್ತು ಗಂಟೆಗೆ. ನನ್ನ ಗಂಡ ಪಂಚಾಕ್ಷರಿಯದು ಕೋಳಿ ಕೂಗುವಾಗ. ನಾನೆದ್ದು ಮುಖ ತೊಳೆಯುವಷ್ಟರಲ್ಲಿ ಅವರಿಗೆ ಮಧ್ಯಾಹ್ನದ ಹಸಿವು ಶುರುವಾಗಿರುತ್ತದೆ. ನಾವು ಹೊತ್ತುಗಿತ್ತು ನೋಡದೆ ಮೆಚ್ಚಿ ಮದುವೆಯಾದವರು. ಜಗಳವಾಡಬೇಕೆಂದರೂ ಇಬ್ಬರಿಗೂ ಪುರುಸೊತ್ತಾಗುವ ವೇಳೆ ಹುಡುಕಬೇಕು, ಅಷ್ಟರಲ್ಲಿ ಸಿಟ್ಟು ಇಳಿದು ಹೋಗಿರುತ್ತದೆ. ನಮ್ಮ ಸಂಸಾರ ಚೆನ್ನಾಗಿರುವುದಕ್ಕೆ ಇದೇ ಕಾರಣ ಎಂದು ನಾನು ಹೇಳಿದಾಗಲೆಲ್ಲ ಮಾವ ಮೂಗು ಮುರಿಯುತ್ತಿದ್ದರು. "ಸಂಸಾರ ಅಂದ್ರೆ ಒಟ್ಟಿಗೆ ಕಣ್ಣು ಬಿಡೋದು ಕಣಮ್ಮಾ ಶೈಲ. ನಮ್ಮನ್ನ ನೋಡಿ ಕಲೀರಿ" ಎನ್ನುತ್ತಿದ್ದರು.

ಮಾವನ ಹೆಸರು ಮರಿಬಸಪ್ಪ. ಮೂರು ಗಂಟೆ ಶಾಲೆಯಲ್ಲಿ, ಅಂದರೆ ಮಧ್ಯಾಹ್ನ ಮೂರಕ್ಕೆ ಬೆಳಗಾಗುವ ಮಕ್ಕಳ ಶಾಲೆಯಲ್ಲಿ, ಹೆಡ್‌ಮೇಷ್ಟ್ರಾಗಿ ರಿಟೈರಾದವರು. ಅವರ ಬೆಳಗು ಮೂರಕ್ಕೆ. ಅತ್ತೆ ದಾಕ್ಷಾಯಣಮ್ಮನವರದೂ ಮೂರಕ್ಕೇ. ಇಂಥವರನ್ನು ನಮ್ಮೂರಲ್ಲಿ ಜೊತೆಬೆಳಗಿನವರು ಎನ್ನುತ್ತಾರೆ. ಇಡೀ ಊರಿಗೆ ಅಂಥ ಜೋಡಿ ಸಿಗುವುದು ಎಲ್ಲೋ ಒಂದೋ ಎರಡೋ. ಯಾರ ಮನೆಯಲ್ಲಿ ಮದುವೆಯಾದರೂ ಮೊದಲ ಅಕ್ಷತೆ ಜೊತೆಬೆಳಗಿನವರ ಕೈಯಿಂದಲೇ ಬೀಳಬೇಕು. ಹೀಗಾಗಿ ಮಾವ ಮತ್ತು ಅತ್ತೆ ಉಣ್ಣದ ಮದುವೆ ಊಟವಿಲ್ಲ. ಮಾವನಿಗೆ ಬಂದ ಶಲ್ಯಗಳನ್ನು ಒಂದಕ್ಕೊಂದು ಗಂಟು ಹಾಕಿದರೆ ಬಸ್ ಸ್ಟ್ಯಾಂಡಿನವರೆಗೆ ಹೋಗಿ ವಾಪಸು ಬರಬಹುದು. ದಿನಾ ಮೂರಕ್ಕೆ ಸರಿಯಾಗಿ ಅವರಿಬ್ಬರೂ ಜಗುಲಿಯಲ್ಲಿ ಕೂತು ಒಟ್ಟಿಗೆ ಕಾಫಿ ಕುಡಿಯುವುದನ್ನು ನೋಡಲೆಂದೇ ಹೊಸದಾಗಿ ಮದುವೆಯಾದವರು ನಮ್ಮ ಬೀದಿಯಲ್ಲಿ ಹಾದುಹೋಗುವುದುಂಟು. ಅತ್ತೆ ಒಲೆಯ ಮುಂದೆ ಕಣ್ಣು ಮುಚ್ಚಿಕೊಂಡೇ ಕಾಫಿ ಸೋಸುತ್ತಾರೆ. ಮನಸ್ಸಿನಲ್ಲೇ ಜಪ ಮಾಡುತ್ತಾರೆ, ಎಂಥ ನಿಷ್ಠೆ ನೋಡಿ ಎಂದು ನಾವೆಲ್ಲ ಹೊಗಳುತ್ತಿದ್ದೆವು.

ನಾನು ಕೆಲಸ ಮಾಡುವುದು ಪೇಟೆಬೀದಿಯ ಗುಳಿಗೆ ಅಂಗಡಿಯಲ್ಲಿ. ಬೇರೆ ಊರಿನಲ್ಲಿ ಔಷಧಿ ಎಂದರೆ ಮೂರು ಹೊತ್ತು ಊಟವಾದ ಮೇಲೆ ನುಂಗುವುದು. ಇಲ್ಲಿ ಅದೆಲ್ಲ ನಡೆಯದು. ಕಾಯಿಲೆಗಳಿಗೂ ಹೊತ್ತಿದೆ. ಬಿ.ಪಿ. ಏರುವುದು ಎದ್ದ ಕೂಡಲೇ, ಕೀಲು ಹಿಡಿದುಕೊಳ್ಳುವುದು ಹಾಸಿಗೆ ಬಿಡುವಾಗ, ಉಬ್ಬಸ ಕತ್ತು ಹಿಸುಕುವುದು ಬೆಳಗಾಗುವುದಕ್ಕೆ ಸ್ವಲ್ಪ ಮುಂಚೆ. ಔಷಧಿ ಆಗ ಮೈಯೊಳಗೆ ಕಾದು ಕೂತಿರಬೇಕು. ಆದರೆ ನಿದ್ದೆಯಲ್ಲಿದ್ದವರು ಎದ್ದು ನುಂಗುವುದು ಹೇಗೆ? ಅದಕ್ಕೇ ಹೊತ್ತಿನ ಗುಳಿಗೆ. ಮಲಗುವಾಗ ನುಂಗಿಬಿಟ್ಟರೆ ಆಯಿತು. ಅದರ ಮೇಲಿನ ಅರಗಿನ ಪದರಗಳು ಹೊಟ್ಟೆಯಲ್ಲಿ ಒಂದೊಂದೇ ಕರಗುತ್ತಾ ಹೋಗಿ, ಸರಿಯಾಗಿ ಅವರವರ ಬೆಳಗಿಗೆ ಮುಂಚೆ ಗುಳಿಗೆ ಬಾಯಿ ಬಿಡುತ್ತದೆ. ಪದರ ಹಾಕುವವಳೇ ನಾನು. ತಿರುಗುವ ಕೊಪ್ಪರಿಗೆಯಲ್ಲಿ ಜೀರಿಗೆ ಮಿಠಾಯಿ ಮಾಡುವ ಹಾಗೆ ಅರಗಿನ ನೀರು ಚಿಮುಕಿಸಬೇಕು, ಒಣಗಿಸಬೇಕು, ಮತ್ತೆ ಚಿಮುಕಿಸಬೇಕು. ಕೊನೆಯಲ್ಲಿ ಬಣ್ಣ. ಯಾವ ಹೊತ್ತಿನವರಿಗೆ ಯಾವ ಬಣ್ಣ ಎಂದು ಊರಿಗೆಲ್ಲ ಗೊತ್ತು. ಮೂರು ಗಂಟೆಗೆ ಹಳದಿ, ದೀಪ ಹಚ್ಚುವ ಹೊತ್ತಿಗೆ ಕೆಂಪು. ನಮ್ಮ ಮನೆಯವರ ಗುಳಿಗೆಗಳನ್ನು ನಾನೇ ಖುದ್ದಾಗಿ ಮಾಡುತ್ತಿದ್ದೆ. ಬೇರೆಯವರ ಕೈಗೆ ಬಿಡುತ್ತಿರಲಿಲ್ಲ, ಅಷ್ಟು ಜಂಬ ನನಗೆ.

ಅತ್ತೆಗೆ ಉಬ್ಬಸ ಶುರುವಾದಾಗ ನಾನು ತಲೆಕೆಡಿಸಿಕೊಳ್ಳಲಿಲ್ಲ. ಡಾಕ್ಟರ್ ನಜ್ಮಾ ಚೀಟಿ ಬರೆದರು, ನಾನು ಹಳದಿ ಗುಳಿಗೆ ಮಾಡಿದೆ, ಮಾವ ದಿನಾ ಇಬ್ಬರೂ ಮಲಗುವಾಗ, ಅಂದರೆ ಹಾಲಿನ ಗಾಡಿ ಬೀದಿಗೆ ಬರುವ ಹೊತ್ತಿಗೆ, ತಾವೇ ಲೋಟದಲ್ಲಿ ನೀರು ಹಿಡಿದು ಅತ್ತೆಗೆ ನುಂಗಿಸಿದರು. ಆಯಿತಲ್ಲ, ಇನ್ನೇನು? ಆದರೆ ಉಬ್ಬಸ ಬಗ್ಗಲಿಲ್ಲ. ಮೂರಕ್ಕೆ ಎದ್ದರೆ ಸಾಕು, ಅತ್ತೆ ಕೆಮ್ಮೋ ಕೆಮ್ಮು. ಡಾಕ್ಟರು ಔಷಧಿ ಹೆಚ್ಚಿಸಿದರು. ಕೆಮ್ಮು ಹಾಗೇ ಇತ್ತು. ಇನ್ನೂ ಹೆಚ್ಚಿಸಿದರು. ಈಗ ಅತ್ತೆಯ ಕೈ ನಡುಗತೊಡಗಿತು, ಎದೆ ಡವಡವ ಹೊಡೆದುಕೊಳ್ಳುತ್ತದೆ ಎನ್ನುತ್ತಿದ್ದರು, ತಟ್ಟೆಯಲ್ಲಿ ಹಾಕಿದ್ದನ್ನು ಅರ್ಧಕ್ಕೇ ಬಿಡುತ್ತಿದ್ದರು. ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದರು. "ನೋಡಮ್ಮಾ, ಇನ್ನು ಹೆಚ್ಚಿಸೋಕಾಗಲ್ಲ. ಹೃದಯ ತಡೆಯಲ್ಲ. ಹೀಗೇ ಹೋದ್ರೆ ಒಂದಿನ ಉಸಿರು ಸಿಕ್ಕಿಹಾಕ್ಕೊಂಡುಬಿಡುತ್ತೆ. ಪದರ ಸರಿಯಾಗಿ ಹಾಕ್ತಿದ್ದೀಯಾ?" ಎಂದರು. ನನಗೆ ಮೈಯೆಲ್ಲ ಉರಿಯಿತು. ನನ್ನ ಪದರದ ಬಗ್ಗೆ ಕೇಳುತ್ತಾರಲ್ಲ! ಮನೆಗೆ ಬಂದು ಅತ್ತೆಯ ಒಂದು ಗುಳಿಗೆಯನ್ನು ಬಿಸಿನೀರಿನಲ್ಲಿ ಹಾಕಿ, ಎದುರಿಗೇ ಕೂತು ಕಾದು ನೋಡಿದೆ. ಬಾಯಿ ಬಿಡಬೇಕಾದ ಹೊತ್ತಿಗೇ ಬಿಟ್ಟಿತು. ಹಾಗಾದರೆ ತಪ್ಪಿದ್ದೆಲ್ಲಿ?

ಒಂದು ದಿನ ಅಂಗಡಿಯಲ್ಲಿ ಕೊಪ್ಪರಿಗೆಯ ಬೆಲ್ಟು ಕಿತ್ತುಹೋಯಿತು. ಬೇಗ ಮನೆಗೆ ಬಂದೆ. ದೀಪ ಹಚ್ಚುವ ಹೊತ್ತು. ಮಾವ ಪಡಸಾಲೆಯಲ್ಲಿ ಪೇಪರು ಓದುತ್ತಿದ್ದರು. ಅತ್ತೆ ಎಲ್ಲಿ ಎಂದರೆ, "ಮಾಳಿಗೆ ಮೇಲೆ, ಒಣಗಿದ ಬಟ್ಟೆ ತರೋಕೆ ಹೋಗಿದ್ದಾಳೆ, ದಿನಾ ಹೋಗ್ತಾಳಲ್ಲ" ಎಂದರು. ಮಾಡುವ ಕೆಲಸಕ್ಕೆ ಸಹಾಯವಾಗಲೆಂದು ನಾನೂ ಮೆಟ್ಟಿಲು ಹತ್ತಿದೆ. ತಂತಿಯ ಮೇಲೆ ಒಂದೇ ಒಂದು ಬಟ್ಟೆಯಿಲ್ಲ. ನೀರಿನ ತೊಟ್ಟಿಯ ಹಿಂದೆ ಅತ್ತೆ ಕುಕ್ಕರಗಾಲಿನಲ್ಲಿ ಕೂತು, ಸೆರಗನ್ನು ಬಾಯಿಗೆ ತುರುಕಿಕೊಂಡು ಉಸಿರಿಗೆ ಒದ್ದಾಡುತ್ತಿದ್ದರು. ಕತ್ತಿನ ನರ ಹಗ್ಗದಂತೆ ಬಿಗಿದಿತ್ತು. ಬೆನ್ನು ನೀವಿದೆ, ಸೆರಗು ಕಿತ್ತು ತೆಗೆದೆ. ಬಹಳ ಹೊತ್ತಿನ ಮೇಲೆ ಉಸಿರು ಹಳಿಗೆ ಬಂತು.

"ಅತ್ತೆ, ಮೂರು ಗಂಟೆಗೆ ಬರೋ ಉಬ್ಬಸ ಈಗ್ಯಾಕೆ ಬಂತು?"

ಅತ್ತೆ ಸೆರಗಿನಿಂದ ಮುಖ ಒರೆಸಿಕೊಂಡರು.

"ಮೂರಕ್ಕೆ ಕೆಮ್ಮಿದ್ರಲ್ಲ?"

"ಅದು ಸುಮ್ನೆ ಕೆಮ್ಮೋದು ಕಣೇ," ಎಂದರು ಮೆಲ್ಲಗೆ. "ಮೂರಕ್ಕೆ ಕೆಮ್ಮಲಿಲ್ಲ ಅಂದ್ರೆ ಡಾಕ್ಟರಿಗೆ ಅನುಮಾನ ಬರಲ್ವಾ?"

ಆಮೇಲೆ ಒಂದೊಂದಾಗಿ ಎಲ್ಲವನ್ನೂ ಹೇಳಿದರು. ಅತ್ತೆ ಹುಟ್ಟಿದ್ದು ದೀಪ ಹಚ್ಚುವ ಹೊತ್ತಿನಲ್ಲಿ. ಅವರಪ್ಪನಿಗೆ ಮರಿಬಸಪ್ಪ ಮೇಷ್ಟ್ರಂಥ ಅಳಿಯ ಕೈತಪ್ಪಿ ಹೋಗುವುದು ಬೇಡವಾಗಿತ್ತು. ಹೆಣ್ಣು ಕೇಳಿಕೊಂಡು ಬಂದವರಿಗೆ, "ನಮ್ಮ ಹುಡುಗಿಗೂ ಬೆಳಗು ಮೂರಕ್ಕೇ" ಎಂದುಬಿಟ್ಟರು. ಊರೆಲ್ಲ ಜೊತೆಬೆಳಗು, ಜೊತೆಬೆಳಗು ಎಂದು ಕುಣಿಯಿತು. ಅಂದಿನಿಂದ ನಲವತ್ತು ವರ್ಷ ಅತ್ತೆ ತನ್ನ ನಡುರಾತ್ರಿಯಲ್ಲಿ ಎದ್ದು ಕಾಫಿ ಮಾಡಿದ್ದಾರೆ. ಕಣ್ಣು ಮುಚ್ಚಿಕೊಂಡು ಜಪವೂ ಇಲ್ಲ, ಮಣ್ಣೂ ಇಲ್ಲ, ಪಾಪ, ನಿಂತಲ್ಲೇ ನಿದ್ದೆ. ಮಾವ ಮಲಗಿದಾಗ ನಿದ್ದೆ ಬಾರದೆ ಹೊರಳಾಡುತ್ತಾರೆ, ನಿದ್ದೆ ಕಣ್ಣಿಗೆ ಹತ್ತಿ ಸ್ವಲ್ಪ ಹೊತ್ತಿಗೆ ಏಳುತ್ತಾರೆ. ನನ್ನ ಹಳದಿ ಗುಳಿಗೆ ಯಾವ ಉಬ್ಬಸವೂ ಇಲ್ಲದ ಹೊತ್ತಿನಲ್ಲಿ ಬಾಯಿ ಬಿಟ್ಟು, ನಿಜವಾದ ಉಬ್ಬಸ ಬರುವಷ್ಟರಲ್ಲಿ ಮುಕ್ಕಾಲು ಪಾಲು ಖಾಲಿಯಾಗಿರುತ್ತಿತ್ತು.

"ಈಗಲೇ ಮಾವಂಗೆ ಹೇಳ್ತೀನಿ" ಎಂದು ನಾನು ಎದ್ದೆ. ಅತ್ತೆ ನನ್ನ ಕೈ ಹಿಡಿದು ಎಳೆದು ಕೂರಿಸಿದರು. ಅಷ್ಟು ಶಕ್ತಿ ಅವರಿಗೆ ಎಲ್ಲಿಂದ ಬಂತೋ.

"ನನ್ನಾಣೆ ಇಟ್ಟು ಹೇಳು, ಯಾರಿಗೂ ಹೇಳಲ್ಲ ಅಂತ. ಸತ್ತು ಮಣ್ಣಾಗಿರೋ ನಮ್ಮಪ್ಪನ್ನ ಊರವರು ಸುಳ್ಳುಗಾರ ಅಂತಾರೆ. ನಿಮ್ಮಾವ ಮದುವೆ ಮನೆಗಳಿಗೆ ಯಾವ ಮುಖ ಇಟ್ಕೊಂಡು ಹೋಗ್ತಾರೆ? ಅವರಿಗೆ ಇರೋ ಸಂತೋಷ ಅದೊಂದೇ."

"ಉಸಿರೇ ನಿಂತುಹೋದ್ರೆ?"

"ನಿಂತ್ರೆ ನಿಲ್ಲಲಿ. ಜೊತೆಬೆಳಗಿನೋಳು ಅಂತಾನೇ ಹೋಗ್ತೀನಿ."

ಆಣೆ ಇಟ್ಟೆ. ಬೇರೆ ದಾರಿಯಿರಲಿಲ್ಲ. ಆದರೆ ಬಾಯಿಗೆ ಬೀಗ ಹಾಕಿಕೊಂಡರೂ ಕೈಗೆ ಹಾಕಿಕೊಳ್ಳಬೇಕೆಂದಿಲ್ಲವಲ್ಲ. ಮಾರನೇ ದಿನ ಅಂಗಡಿಯಲ್ಲಿ ಅತ್ತೆಯ ಗುಳಿಗೆಗೆ, ಹಾಲಿನ ಗಾಡಿಯ ಹೊತ್ತಿಗೆ ನುಂಗಿದರೂ ದೀಪದ ಹೊತ್ತಿಗೇ ಬಾಯಿ ಬಿಡುವ ಹಾಗೆ, ಪದರ ಹೆಚ್ಚಿಗೆ ಹಾಕಿದೆ. ಕೆಂಪು ಬಳಿದರೆ ಮಾವ ಕಂಡುಹಿಡಿಯುತ್ತಾರೆ, ಗುಳಿಗೆ ನುಂಗಿಸುವವರು ಅವರೇ. ಅದಕ್ಕೆ ಮೇಲೆ ಹಳದಿಯನ್ನೇ ಬಳಿದೆ. ನಮ್ಮ ಕಸುಬಿನಲ್ಲಿ ಇದಕ್ಕಿಂತ ದೊಡ್ಡ ಅಪರಾಧವಿಲ್ಲ. ಮಾಲೀಕರಿಗೆ ಗೊತ್ತಾದರೆ ನನ್ನನ್ನು ಬಾಗಿಲಿನಿಂದಲೇ ಆಚೆಗೆ ಹಾಕುತ್ತಿದ್ದರು. ಅತ್ತೆಯ ಕಿವಿಯಲ್ಲಿ ಮಾತ್ರ ಹೇಳಿದೆ. ಅವರು ನನ್ನ ಗಲ್ಲ ಹಿಂಡಿ, "ಕಳ್ಳೀ" ಎಂದು ನಕ್ಕರು. ಇಬ್ಬರೂ ಬಾಯಿಗೆ ಸೆರಗು ಮುಚ್ಚಿಕೊಂಡು ಅಡುಗೆಮನೆಯಲ್ಲಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಅವತ್ತು ನಾನು ಏನೋ ದೊಡ್ಡ ಸಾಹಸ ಮಾಡಿದವಳ ಹಾಗೆ ಬೀಗುತ್ತಿದ್ದೆ.

ಮೊದಲ ದಿನ ಗುಣ ಕಾಣಲಿಲ್ಲ. ಉಬ್ಬಸ ಇನ್ನೂ ಜೋರಾಗಿಯೇ ಬಂತಂತೆ. ಹೊಸ ಪದರ, ಮೈಗೆ ಹೊಂದಿಕೊಳ್ಳಲು ಒಂದೆರಡು ದಿನ ಬೇಕೇನೋ ಎಂದುಕೊಂಡೆವು. ಮರುದಿನ ಅತ್ತೆ ಬೇರೊಂದು ವಿಷಯಕ್ಕೆ ಗೊಣಗಿದರು. "ನಿಮ್ಮಾವಂಗೆ ಅರಳು ಮರಳು ಕಣೇ. ಮಲಗುವಾಗ ಗುಳಿಗೆ ಕೊಡೋದೇ ಮರೆತುಬಿಡ್ತಾರೆ. ಆಮೇಲೆ ಯಾವಾಗ್ಲೋ ನೆನಪಾಗಿ, ನನಗೆ ಆಗಷ್ಟೇ ನಿದ್ದೆ ಹತ್ತಿರುತ್ತೆ, ಅಲ್ಲಾಡಿಸಿ ಎಬ್ಬಿಸಿ ನುಂಗಿಸ್ತಾರೆ." ವಯಸ್ಸಾಯಿತಲ್ಲ ಬಿಡಿ ಅತ್ತೆ ಎಂದು ನಾನು ಅಂಗಡಿಗೆ ಹೊರಟುಹೋದೆ. ಹಾಗೆ ಹೊರಟವಳ ಕೆನ್ನೆಗೆ ಯಾರಾದರೂ ಎರಡು ಬಿಗಿದಿದ್ದರೆ ಚೆನ್ನಾಗಿತ್ತು.

ಮೂರನೇ ದಿನ ಮನಸ್ಸು ತಡೆಯದೆ ಬೇಗ ಮನೆಗೆ ಬಂದೆ. ಮಾಳಿಗೆ ಮೆಟ್ಟಿಲಿನ ಮೇಲೇ ಅತ್ತೆ ಬಿದ್ದಿದ್ದರು. ತುಟಿ ನೇರಳೆಯಾಗಿತ್ತು. ಎದೆ ಏಳುತ್ತಿತ್ತು, ಉಸಿರು ಮಾತ್ರ ಒಳಗೆ ಹೋಗುತ್ತಿರಲಿಲ್ಲ. ನಾನು ಕಿರುಚಿದ್ದಕ್ಕೆ ಮಾವ ಓಡಿ ಬಂದರು. ಪಂಚಾಕ್ಷರಿಗೆ ಆಗ ಮಲಗುವ ಹೊತ್ತು, ಅವರು ಹಾಸಿಗೆಯಿಂದೆದ್ದು ಪಂಚೆ ಎತ್ತಿಕಟ್ಟಿ ಡಾಕ್ಟರ ಮನೆಗೆ ಓಡಿದರು. ಡಾಕ್ಟರ್ ನಜ್ಮಾ ಬಂದವರೇ ಸಿಲಿಂಡರಿನ ನಳಿಗೆ ಅತ್ತೆಯ ಮೂಗಿಗೆ ಹಿಡಿದರು. ಇಂಜೆಕ್ಷನ್ ತುಂಬಿಕೊಂಡರು. ಸೂಜಿ ಚುಚ್ಚುವ ಮೊದಲು ಕೈ ತಡೆದರು.

"ಇವತ್ತಿನ ಗುಳಿಗೆ ಯಾವಾಗ ನುಂಗಿದ್ರು? ಅದು ಬಾಯಿ ಬಿಟ್ಟು ಮುಗಿದಿದೆಯೋ, ಇನ್ನೂ ಬಿಡಬೇಕೋ? ಹೊಟ್ಟೇಲಿ ಅದು ಈಗ ಬಾಯಿ ಬಿಡೋದಿದ್ದು ನಾನು ಪೂರ್ತಿ ಇಂಜೆಕ್ಷನ್ ಕೊಟ್ಟರೆ ಎರಡೂ ಸೇರಿ ಹೃದಯ ನಿಂತುಹೋಗುತ್ತೆ. ಬೇಗ ಹೇಳಿ."

ನಾನು ಬಾಯಿ ತೆರೆದೆ. ಅತ್ತೆಯ ಕಣ್ಣು ನನ್ನನ್ನೇ ನೋಡುತ್ತಿತ್ತು. ಬೇಡ, ಬೇಡ ಎನ್ನುತ್ತಿತ್ತು. ಆಣೆಯೂ ಬೇಡ ಏನೂ ಬೇಡ, ಅತ್ತೆ ಉಳಿದರೆ ಸಾಕು ಎಂದು ಹೇಳಲು ಹೊರಟೆ. ಅಷ್ಟರಲ್ಲಿ ನನ್ನ ಹಿಂದಿನಿಂದ ಮಾವನ ದನಿ ಕೇಳಿತು.

"ಮಲಗುವಾಗ ಕೊಡಲಿಲ್ಲ ಡಾಕ್ಟ್ರೇ. ಬೇಕೂಂತಲೇ ತಡ ಮಾಡಿ ಹನ್ನೊಂದಕ್ಕೆ ಕೊಟ್ಟೆ. ಔಷಧಿ ಇನ್ನು ಹೆಚ್ಚಿಸೋಕಾಗಲ್ಲ ಅಂತ ಗೊತ್ತಾದ ಮೇಲೆ, ಎರಡು ಮೂರು ದಿನದಿಂದ ಹಾಗೇ ಕೊಡ್ತಿದ್ದೀನಿ."

"ಯಾಕೆ?"

"ಇವಳ ಬೆಳಗು ಮೂರಕ್ಕಲ್ಲ. ದೀಪ ಹಚ್ಚೋ ಹೊತ್ತಿಗೆ. ಮೂರರ ಗುಳಿಗೇನ ತಡ ಮಾಡಿ ನುಂಗಿಸಿದ್ರೆ ಈ ಹೊತ್ತಿಗೆ ಬಾಯಿ ಬಿಡುತ್ತೆ ಅಂತ ಲೆಕ್ಕ ಹಾಕಿದ್ದೆ."

ಮಾವ ತಡ ಮಾಡಿ ನುಂಗಿಸಿದ್ದು ಮೂರರ ಗುಳಿಗೆಯಲ್ಲ, ನನ್ನ ಗುಳಿಗೆ. ಹೊರಗೆ ಹಳದಿ, ಒಳಗೆ ನಾನು ಹೆಚ್ಚಿಸಿದ ಪದರ. ನನ್ನ ತಡವೂ ಅವರ ತಡವೂ ಒಂದರ ಮೇಲೊಂದು ಕೂತು, ಗುಳಿಗೆ ಬಾಯಿ ಬಿಡುತ್ತಿದ್ದುದು ರಾತ್ರಿ ಹತ್ತು ಹೊಡೆದ ಮೇಲೆ. ಉಬ್ಬಸದ ಹೊತ್ತಿಗೆ ಅತ್ತೆಯ ಮೈಯಲ್ಲಿ ಔಷಧಿಯ ಹನಿಯೂ ಇರಲಿಲ್ಲ.

"ಅಯ್ಯೋ ಮಾವ," ಎಂದೆ. "ನಾನೂ ಪದರ ಜಾಸ್ತಿ ಹಾಕಿದ್ದೀನಿ. ಡಾಕ್ಟ್ರೇ, ಅದು ಈಗ ಬಾಯಿ ಬಿಡಲ್ಲ, ಇನ್ನೂ ಬಹಳ ತಡ ಇದೆ. ಚುಚ್ಚಿ!"

ಡಾಕ್ಟರು ಚುಚ್ಚಿದರು. ಮುಂದೆ ಆ ಗುಳಿಗೆಯೂ ಬಾಯಿ ಬಿಡುತ್ತದಲ್ಲ, ಅದಕ್ಕೆ ಅರ್ಧ ಮಾತ್ರ ಕೊಟ್ಟು, ನಾಡಿ ಹಿಡಿದುಕೊಂಡು ಪಕ್ಕದಲ್ಲೇ ಕೂತರು. ಅತ್ತೆಯ ತುಟಿಯ ಬಣ್ಣ ನಿಧಾನವಾಗಿ ತಿರುಗಿತು. ನಡೆದದ್ದನ್ನೆಲ್ಲ ನನ್ನ ಮತ್ತು ಮಾವನ ಬಾಯಿಂದ ಕೇಳಿದ ಮೇಲೆ ಡಾಕ್ಟರು ನಮ್ಮಿಬ್ಬರನ್ನೂ ನೋಡಿದ ನೋಟ ಇವತ್ತಿಗೂ ನೆನಪಿದೆ. "ಅವರು ನನ್ನ ಮುಂದೆ ಸುಳ್ಳು ಕೆಮ್ಮು ಕೆಮ್ಮಿದ್ರು. ನೀನು ಸುಳ್ಳು ಬಣ್ಣ ಬಳಿದೆ. ಇವರು ಸುಳ್ಳು ಮರೆವು ಮರೆತ್ರು. ಬಾಯಿ ಬಿಟ್ಟು ಒಂದು ಮಾತು ಹೇಳೋಕೆ ಈ ಮನೇಲಿ ಯಾರಿಗೂ ಆಗಲಿಲ್ವಾ?" ಎಂದರು.

ಮಾತಾಡುವಷ್ಟು ಉಸಿರು ಬಂದ ಕೂಡಲೇ ಅತ್ತೆ ಮೂಗಿನ ನಳಿಗೆಯನ್ನು ಪಕ್ಕಕ್ಕೆ ಸರಿಸಿದರು. ಗಂಡನನ್ನೇ ನೋಡಿದರು.

"ಯಾವಾಗಿಂದ ಗೊತ್ತು ನಿಮಗೆ?"

ಮಾವ ಶಲ್ಯದ ಅಂಚು ತಿರುಚುತ್ತಾ, "ಮದುವೆಯಾದ ಮೊದಲನೇ ವಾರದಿಂದ," ಎಂದರು. "ಹಾಲು ಉಕ್ಕಿ ಒಲೆ ಆರಿಹೋದ್ರೂ ನಿಂಗೆ ಗೊತ್ತಾಗಿರಲಿಲ್ಲ. ಕೇಳಿದ್ರೆ ನೊಂದ್ಕೋತೀಯ ಅಂತ ಸುಮ್ಮನಾದೆ. ಆಗ ಸುಮ್ಮನಾಗಿದ್ದು ನಿನಗೋಸ್ಕರಾನೇ. ಆಮೇಲೆ ಜನ ಮದುವೆಗಳಿಗೆ ಕರೆಯೋಕೆ ಶುರು ಮಾಡಿದ್ರು, ಮುಂದೆ ಕೂರಿಸಿದ್ರು, ಶಲ್ಯ ಹೊದಿಸಿದ್ರು. ಅದರ ರುಚಿ ಹತ್ತಿತು. ಇವತ್ತು ಹೇಳೋಣ, ನಾಳೆ ಹೇಳೋಣ ಅಂತ..."

"ಗೊತ್ತಿದ್ದೂ ನಲವತ್ತು ವರ್ಷ ನನ್ನ ನಡುರಾತ್ರೀಲಿ ಕಾಫಿ ಮಾಡಿಸಿದ್ರಾ?"

"ನೀನೇ ಒಂದಿನ ಹೇಳ್ತೀಯ ಅಂತ..."

"ನಾನು ಹೇಗ್ರೀ ಹೇಳ್ಲಿ? ನಾನು ಹೇಳಿದ್ರೆ ನಮ್ಮಪ್ಪ ಸುಳ್ಳುಗಾರ ಆಗ್ತಿದ್ರು. ನೀವು ಹೇಳಿದ್ರೆ ಯಾರು ಏನಾಗ್ತಿದ್ರು? 'ನನಗೆ ಗೊತ್ತು, ನೀನು ಮಲಕ್ಕೋ' ಅಂತ ಒಂದು ಮಾತು. ಬಾಗಿಲು ಹಾಕ್ಕೊಂಡು ನನಗೊಬ್ಬಳಿಗೆ ಹೇಳಿದ್ರೆ ಸಾಕಾಗಿತ್ತು!"

ಅಷ್ಟು ಹೇಳುವಷ್ಟರಲ್ಲಿ ಮತ್ತೆ ಏದುಸಿರು ಬಂತು. ಡಾಕ್ಟರು ನಳಿಗೆಯನ್ನು ಮೂಗಿಗೆ ಸಿಕ್ಕಿಸಿ, ಇನ್ನು ಯಾರೂ ಮಾತಾಡಕೂಡದು ಎಂದು ಗದರಿದರು. ಮಾವ ಗೋಡೆಗೆ ಒರಗಿ ಹಾಗೇ ಕೆಳಗೆ ಕೂತರು. ಹೆಡ್‌ಮೇಷ್ಟ್ರಾಗಿದ್ದಾಗ ಒಂದು ಹೂಂಕಾರಕ್ಕೆ ಇಡೀ ಶಾಲೆಯನ್ನು ಗಪ್‌ಚಿಪ್ ಮಾಡುತ್ತಿದ್ದವರು ಮಗುವಿನ ಹಾಗೆ ಅತ್ತುಬಿಟ್ಟರು. ನನಗೆ ಅವರ ಮೇಲೆ ಕೆಟ್ಟ ಸಿಟ್ಟು ಬಂದಿತ್ತು, ಅಷ್ಟೇ ಕನಿಕರವೂ ಬಂತು. ಅತ್ತೆಗೆ ಕನಿಕರ ಬಂದ ಹಾಗೆ ಕಾಣಲಿಲ್ಲ. ಮುಖ ತಿರುಗಿಸಿ ಮಲಗಿದರು.

ಮಾರನೇ ದಿನ ನಾನು ಅಂಗಡಿಗೆ ಹೋಗಿ ಮಾಲೀಕರಿಗೆ ನಡೆದದ್ದನ್ನು ಹೇಳಿದೆ. ಬೈದರು, ಬಾಯಿಗೆ ಬಂದ ಹಾಗೆ ಬೈದರು, ಆದರೆ ಆಚೆಗೆ ಹಾಕಲಿಲ್ಲ. ಹೊಸ ಗುಳಿಗೆ ಮಾಡಿದೆ, ಔಷಧಿ ಮೊದಲಿನಷ್ಟೇ ಕಡಿಮೆ, ಪದರವೂ ಎಲ್ಲರ ಗುಳಿಗೆಯಷ್ಟೇ. ಮೇಲೆ ಕೆಂಪನ್ನೇ ಬಳಿದೆ. ನಮ್ಮ ಮನೆಯ ಡಬ್ಬಿಯಲ್ಲಿ ಕೆಂಪು ಗುಳಿಗೆ ಇರುವುದೆಂದರೆ ಊರಿಗೆ ಡಂಗುರ ಹೊಡೆಸಿದ ಹಾಗೆಯೇ. ಅತ್ತೆ ಡಬ್ಬಿ ಮುಚ್ಚಳ ತೆಗೆದು ಬಹಳ ಹೊತ್ತು ನೋಡಿದರು. ಅದರ ಮರುದಿನ ಹಾಲಿನ ಗಾಡಿ ಬಂದಾಗ ಮಾವನೊಬ್ಬರೇ ಮಲಗಲು ಹೋದರು. ಅತ್ತೆ ಪಡಸಾಲೆಯಲ್ಲಿ ಕೂತು ಮಗನೊಂದಿಗೆ ಹರಟಿದರು, ಬಿಸಿಲು ಚೆನ್ನಾಗಿ ಏರಿದ ಮೇಲೆ ಕಣ್ಣು ಎಳೆಯಿತು, ತಮ್ಮ ಕೈಯಾರೆ ಕೆಂಪು ಗುಳಿಗೆ ನುಂಗಿ, ದೇವರ ಮನೆಯ ಪಕ್ಕದ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ಅಂಗಡಿಗೆ ರಜಾ ಹಾಕಿ ನಾನು ಮನೆಯಲ್ಲೇ ಇದ್ದೆ. ಮೂರು ಗಂಟೆಗೆ ಮಾವ ಎದ್ದರು. ಒಲೆ ಹಚ್ಚಲಿಲ್ಲ, ನನಗೂ ಹಚ್ಚಲು ಬಿಡಲಿಲ್ಲ. "ಪಾತ್ರೆ ಸದ್ದಾಗುತ್ತೆ" ಎಂದರು. ಬರಿಗೈಯಲ್ಲಿ ಜಗುಲಿಗೆ ಹೋಗಿ ಕೂತರು. ಅಂಥ ಹೊತ್ತಿಗೇ ಎಣ್ಣೆ ಗಾಣದ ಬಂಗಾರಪ್ಪನವರು ಹೆಂಡತಿಯ ಜೊತೆ ಅಕ್ಷತೆ ಬಟ್ಟಲು ಹಿಡಿದು ಬರಬೇಕೇ! ಅವರ ಮಗಳ ಮದುವೆ. ಬಂಗಾರಪ್ಪನವರದು ಗಾಣದ ಸದ್ದಿನಲ್ಲಿ ಮಾತಾಡಿ ರೂಢಿಯಾದ ಗಂಟಲು.

"ಏನ್ ಮೇಷ್ಟ್ರೇ, ಒಬ್ರೇ ಕೂತಿದ್ದೀರಾ? ಅಮ್ಮಾವ್ರು ಎಲ್ಲಿ?"

"ಮೆಲ್ಲಗೆ, ಮೆಲ್ಲಗೆ," ಎಂದು ಮಾವ ತುಟಿಯ ಮೇಲೆ ಬೆರಳಿಟ್ಟರು. "ಮಲಗಿದ್ದಾಳೆ."

"ಮೂರು ಗಂಟೇಲಿ? ಮೈ ಹುಷಾರಿಲ್ವಾ?"

ನಾನು ಬಾಗಿಲ ಮರೆಯಲ್ಲಿ ನಿಂತಿದ್ದೆ. ಹುಷಾರಿಲ್ಲ ಎಂದುಬಿಟ್ಟರೆ ಸುಲಭವಾಗಿ ಮುಗಿಯುತ್ತಿತ್ತು. ಅದು ಸುಳ್ಳೂ ಆಗುತ್ತಿರಲಿಲ್ಲ. ಮಾವ ಒಮ್ಮೆ ಬೀದಿಯ ಆ ತುದಿ ಈ ತುದಿ ನೋಡಿದರು. ಎದುರುಮನೆಯವರು, ತರಕಾರಿಯವಳು ಎಲ್ಲರೂ ಕಿವಿ ಇತ್ತಲೇ ಇಟ್ಟಿದ್ದರು.

"ಹುಷಾರಾಗಿದ್ದಾಳೆ," ಎಂದರು. "ಅವಳಿಗೆ ಇನ್ನೂ ಬೆಳಗಾಗಿಲ್ಲ. ಅವಳ ಬೆಳಗು ದೀಪದ ಹೊತ್ತಿಗೆ. ನಾವು ಜೊತೆಬೆಳಗಿನವರಲ್ಲ ಬಂಗಾರಪ್ಪ, ಯಾವತ್ತೂ ಆಗಿರಲಿಲ್ಲ. ಅದು ನನಗೆ ಮೊದಲಿಂದ ಗೊತ್ತಿತ್ತು. ಗೊತ್ತಿದ್ದೂ ನಾನೇ ಮೆರೆದೆ. ಅಕ್ಷತೆಗೆ ಬೇರೆ ಯಾರನ್ನಾದ್ರೂ ಕರೀರಿ."

ಬಂಗಾರಪ್ಪನವರ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅವರ ಹೆಂಡತಿ ಬಟ್ಟಲನ್ನು ಸೆರಗಿನೊಳಗೆ ಸೇರಿಸಿಕೊಂಡು ಗಂಡನ ತೋಳು ಜಗ್ಗಿದರು. ಸುದ್ದಿ ಅವರು ಬೀದಿ ದಾಟುವ ಮೊದಲೇ ಪೇಟೆ ತಲುಪಿತು. ಮಾವನ ಕಿವಿ ಕೆಂಪಗಾಗಿತ್ತು. ಆದರೂ ಎದ್ದು ಒಳಗೆ ಬರಲಿಲ್ಲ. ಸೈಕಲ್ ಬೆಲ್ ಹೊಡೆದವರನ್ನು ಗದರಿದರು, ಗೋಲಿ ಆಡುತ್ತಿದ್ದ ಮಕ್ಕಳನ್ನು ಆಚೆ ಬೀದಿಗೆ ಓಡಿಸಿದರು, ಕೂಗಿಕೊಂಡು ಬಂದ ಹೂವಿನವಳಿಗೆ ಕೈಮುಗಿದು ಬಾಯಿ ಮುಚ್ಚಿಸಿದರು. ದೀಪ ಹಚ್ಚುವವರೆಗೂ ಹಾಗೇ ಕಾವಲು ಕೂತಿದ್ದರು.

ಸಂಜೆಯಾಗುತ್ತಾ ಬಂದ ಹಾಗೆ ನಾನು ಕೈಲಿದ್ದ ಕೆಲಸ ಬಿಟ್ಟು ಎದ್ದೆ. ಕೋಣೆಯ ಬಾಗಿಲಿಗೆ ಕಿವಿಯಿಟ್ಟು ಕೂತೆ. ಸುಂಯ್ ಸುಂಯ್ ಸದ್ದಿಲ್ಲ, ಕೆಮ್ಮಿಲ್ಲ. ಒಳಗಿನಿಂದ ಒಂದು ಗೊರಕೆ ಮಾತ್ರ ನಿಧಾನವಾಗಿ, ಒಂದೇ ಸಮನೆ ಬರುತ್ತಿತ್ತು. ಆಮೇಲೆ ಅದೂ ನಿಂತಿತು. ತಡೆಯಲಾರದೆ ಬಾಗಿಲು ತಳ್ಳಿದೆ.

ಅತ್ತೆ ಹಾಸಿಗೆಯ ಮೇಲೆ ಎದ್ದು ಕೂತಿದ್ದರು. ಕೂದಲು ಕೆದರಿತ್ತು, ಕೆನ್ನೆಯ ಮೇಲೆ ದಿಂಬಿನ ಗೆರೆ ಮೂಡಿತ್ತು. ನನ್ನನ್ನು ನೋಡಿದರು, ತಮ್ಮ ಕೈಗಳನ್ನು ನೋಡಿಕೊಂಡರು, ಕಣ್ಣು ಉಜ್ಜಿ ಮತ್ತೆ ನೋಡಿದರು. ಅವರ ಕಣ್ಣು ಅಷ್ಟು ಅಗಲವಾಗಿ ತೆರೆದದ್ದನ್ನು ನಾನು ಈ ಮನೆಗೆ ಬಂದ ಮೇಲೆ ಕಂಡಿರಲಿಲ್ಲ.

"ಅತ್ತೆ, ಉಸಿರು ಹೇಗಿದೆ?"

ಅವರು ಎದೆ ತುಂಬ ಉಸಿರೆಳೆದು ಬಿಟ್ಟರು. ಬೇರೇನೋ ಯೋಚಿಸುತ್ತಿದ್ದವರ ಹಾಗೆ ನನ್ನ ಕಡೆ ತಿರುಗಿದರು, ಕಣ್ಣಲ್ಲಿ ನೀರು ತುಂಬಿಕೊಂಡಿತು.

"ಶೈಲಾ," ಎಂದರು, "ನಿದ್ದೆ ಮುಗಿದು ಏಳೋದು ಅಂದ್ರೆ ಹೀಗಿರುತ್ತೇನೇ? ನಿಮಗೆಲ್ಲ ದಿನಾ ಹೀಗೇನಾ?"